ಎಲ್ಲಿಗೆ ಎಂದು ಕೇಳದ ಮನೆ

ಬ್ರೇಮನ್, ಜರ್ಮನಿ
18 ಅಕ್ಟೋಬರ್ 2025, ಶನಿವಾರ, ಸಂಜೆ ಐದೂವರೆ

ಸೌಮ್ಯಕ್ಕನಿಗೆ, ತಮ್ಮ ರೋಶನ್ ಮಾಡುವ ನಮಸ್ಕಾರಗಳು.

ಫೋನ್ ಮಾಡಿದರೆ ಅಮ್ಮ ಸ್ಪೀಕರ್ ಒತ್ತುತ್ತಾಳೆ. ಆಮೇಲೆ ನನ್ನ ಸುದ್ದಿ ನಮ್ಮೂರು ಕಾಪುವಿನ ಲೈಟ್‌ಹೌಸಿನ ಬೆಳಕಿಗಿಂತ ದೂರ ಹೋಗುತ್ತದೆ. ಅದಕ್ಕೇ ಈ ಮೇಲ್. ಮಣಿಪಾಲದಲ್ಲಿ ನೀನು ಕೆಲಸಕ್ಕೆ ಹೋಗುವ ಬೈಂಡಿಂಗ್ ಅಂಗಡಿಯಲ್ಲಿ ಯಾರದೋ ಪಿಎಚ್‌ಡಿಗೆ ರಟ್ಟು ಹಾಕುತ್ತಾ ಓದು, ಓದಿ ಅಳಿಸಿಬಿಡು.

ವಿಷಯ ಇಷ್ಟೆ: ನಾನು ಒಬ್ಬ ಮನುಷ್ಯನನ್ನು ಕಳೆದುಕೊಂಡಿದ್ದೇನೆ. ಬಸ್ಸಿನಲ್ಲಿ ಕೊಡೆ ಕಳೆದುಕೊಳ್ಳುತ್ತಾರಲ್ಲ, ಹಾಗೆ.

ಹೆಸರು ಕಾರ್ಲ್, ವಯಸ್ಸು ಎಂಬತ್ತಾರು. ನಾನು ನರ್ಸ್ ಆಗಿರುವ ವೃದ್ಧರ ಮನೆಯಲ್ಲಿ, ಮರೆವಿನ ಕಾಯಿಲೆಯವರ ಮಹಡಿಯಲ್ಲಿ, ಹದಿನಾಲ್ಕನೇ ಕೋಣೆಯವರು. ನಲವತ್ತು ವರ್ಷ ಸಮುದ್ರದಲ್ಲಿ ಮೀನು ಹಿಡಿದವರು. ನಾನೂ ಮೀನುಗಾರನ ಮಗ ಎಂದು ತಿಳಿದ ದಿನದಿಂದ ನಾನು ಕೊಟ್ಟರಷ್ಟೇ ಮಾತ್ರೆ ನುಂಗುತ್ತಾರೆ.

ಈ ಊರಿನಲ್ಲಿ ಶರತ್ಕಾಲಕ್ಕೊಂದು ಜಾತ್ರೆ. ಸಾವಿರ ವರ್ಷದ ಹತ್ತಿರ ಹತ್ತಿರ ಹಳೆಯದಂತೆ. ಊರ ನಡುವೆ ನಿಂತಿರುವ ಕಲ್ಲಿನ ವೀರನ ಕೊರಳಿಗೆ ಹೃದಯದ ಆಕಾರದ ಬಿಸ್ಕತ್ತನ್ನು ನೇತುಹಾಕಿದರೆ ಜಾತ್ರೆ ಶುರು. ಆ ಪುಣ್ಯಾತ್ಮನ ಮುಖದಲ್ಲಿ ನಗುವೂ ಇಲ್ಲ, ಹಸಿವೂ ಇಲ್ಲ. ಕಾರ್ಲ್ ಒಂದು ವಾರದಿಂದ ಜಾತ್ರೆ ಜಾತ್ರೆ ಎಂದು ಜಪ ಮಾಡುತ್ತಿದ್ದರು. ನಮ್ಮ ಮೇಲ್ವಿಚಾರಕ ಅಲೆಕ್ಸಾಂಡರ್ ಎರಡು ಗಂಟೆಗಳ ಅಪ್ಪಣೆ ಕೊಟ್ಟ. ಹೋದೆವು. ಇಲ್ಲಿ ಬೂತಾಯಿಯ ದಾಯಾದಿಯಂಥ ಒಂದು ಮೀನನ್ನು ಬೇಯಿಸದೆ ಬನ್ನಿನೊಳಗಿಟ್ಟು ಕೊಡುತ್ತಾರೆ. ಅಮ್ಮ ನೋಡಿದ್ದರೆ ಅಂಗಡಿಯವನಿಗೆ ಒಲೆ ಹಚ್ಚುವುದನ್ನು ಕಲಿಸಿಯೇ ಬರುತ್ತಿದ್ದಳು. ಕಾರ್ಲ್ ಎರಡು ತಿಂದರು. ಜೈಂಟ್ ವೀಲ್ ಎದುರಿನ ಬೆಂಚಿನಲ್ಲಿ ಕೂತೆವು.

ಆಮೇಲೆ ಅವರು ಎದ್ದರು. ಕೋಟಿನ ಗುಂಡಿ ಹಾಕಿದರು, ಟೊಪ್ಪಿ ಸರಿಮಾಡಿದರು. ಅಪ್ಪ ಬೋಟಿಗೆ ಹೊರಡುವಾಗ ಮುಂಡು ಬಿಗಿಮಾಡಿ ನಿಲ್ಲುತ್ತಿದ್ದರಲ್ಲ, ಅದೇ ನಿಲುವು. ಅಕ್ಕ, ನನಗೆ ಕೇಳಲು ಆಗಲಿಲ್ಲ. ಹೊರಟವರನ್ನು ಎಲ್ಲಿಗೆ ಎಂದು ನಮ್ಮ ಮನೆಯಲ್ಲಿ ಯಾರು ಕೇಳಿದ್ದುಂಟು? ಕೇಳಿದರೆ ಕಡಲು ಆ ಮನುಷ್ಯನನ್ನು ಇಟ್ಟುಕೊಳ್ಳುತ್ತದೆ ಎಂದು ನಂಬಿಯೇ ನಾವು ಬೆಳೆದದ್ದು. ಇಪ್ಪತ್ತೇಳು ವರ್ಷದ ಅಭ್ಯಾಸ ನನ್ನ ನಾಲಗೆಯನ್ನು ಹಿಡಿದುಕೊಂಡಿತು. ಅಷ್ಟೇ ಅಲ್ಲ, ದಾರಿ ಬಿಡಲೆಂದು ಕಾಲನ್ನೂ ಗೌರವದಿಂದ ಮಡಚಿದೆ. ಶೌಚಾಲಯ ಹತ್ತು ಹೆಜ್ಜೆಯಲ್ಲಿತ್ತು, ಅಲ್ಲಿಗೇ ಇರಬೇಕು ಎಂದುಕೊಂಡೆ.

ಅಲ್ಲಿಗೆ ಅಲ್ಲ.

ಈಗ ಎರಡೂವರೆ ಗಂಟೆ ಆಯಿತು. ಪೊಲೀಸರು ಹುಡುಕುತ್ತಿದ್ದಾರೆ. ಕಾರ್ಲ್ ತಾವಾಗಿಯೇ ಬಂದರೆ ಎಂದು ನನ್ನನ್ನು ಕಳೆದುಹೋದ ಮಕ್ಕಳ ಡೇರೆಯಲ್ಲಿ ಕೂರಿಸಿದ್ದಾರೆ. ಇಲ್ಲಿದ್ದ ಮೂರು ಮಕ್ಕಳನ್ನೂ ಅವರವರ ತಾಯಂದಿರು ಕರೆದುಕೊಂಡು ಹೋದರು. ಉಳಿದದ್ದು ನಾನೊಬ್ಬ. ಹೊರಗೆ ಏಳು ಡಿಗ್ರಿ. ಕಾರ್ಲ್ ಅವರ ಮಫ್ಲರ್ ನನ್ನ ತೊಡೆಯ ಮೇಲಿದೆ.

ರೋಶನ್

*

ಬ್ರೇಮನ್
19 ಅಕ್ಟೋಬರ್, ಭಾನುವಾರ

ಅಕ್ಕ,

ಸಿಕ್ಕಿದರು. ಏಳಕ್ಕೆ ಹತ್ತು ನಿಮಿಷ ಇರುವಾಗ, ನದಿಯ ದಂಡೆಯಲ್ಲಿ, ನೀರಿಗಿಳಿಯುವ ಮೆಟ್ಟಿಲುಗಳ ಮೇಲೆ. ಒಂದು ಕಾಲಿನ ಬೂಟು ಇರಲಿಲ್ಲ. ಕೊನೆಯ ಮೆಟ್ಟಿಲಲ್ಲಿ ಕೂತು ತಮ್ಮ ಬೋಟು ಬರುವುದನ್ನು ಕಾಯುತ್ತಿದ್ದರಂತೆ. ಆ ಬೋಟನ್ನು ಗುಜರಿಗೆ ಹಾಕಿ ಮೂವತ್ತು ವರ್ಷವಾಯಿತು. ಇನ್ನೂ ಎರಡು ಮೆಟ್ಟಿಲು ಇಳಿದಿದ್ದರೆ ಈ ಮೇಲ್ ಬೇರೆಯೇ ಇರುತ್ತಿತ್ತು.

ಈಗ ಆಸ್ಪತ್ರೆಯಲ್ಲಿದ್ದಾರೆ, ಜ್ವರ. ಅಲೆಕ್ಸಾಂಡರ್ ಬೈಯಲಿಲ್ಲ. ಬೈದಿದ್ದರೆ ಎಷ್ಟೋ ಹಗುರವಾಗುತ್ತಿತ್ತು. ಒಂದು ಕಾಗದ ಮುಂದಿಟ್ಟು ಒಂದೇ ಪ್ರಶ್ನೆಗೆ ಉತ್ತರ ಬರಿ ಎಂದ. "ಅವರು ಎದ್ದು ಹೋಗುವುದನ್ನು ನೀನು ನೋಡಿದೆ. ಎಲ್ಲಿಗೆ ಎಂದು ಯಾಕೆ ಕೇಳಲಿಲ್ಲ?"

ಕಾಗದ ಇನ್ನೂ ಖಾಲಿ ಉಂಟು. ಏನು ಬರೆಯಲಿ?

ರೋಶನ್

*

ಮಣಿಪಾಲ
20 ಅಕ್ಟೋಬರ್, ಸೋಮವಾರ

ಪ್ರಿಯ ತಮ್ಮನಾದ, ಮನುಷ್ಯರನ್ನು ಕೊಡೆಯಂತೆ ಬಿಟ್ಟುಬರುವ ರೋಶನ್‌ಗೆ,

ನಿನ್ನೆ ಅಂಗಡಿಗೆ ರಜೆ ಇದ್ದದ್ದು ನನ್ನ ಪುಣ್ಯ. ಇವತ್ತು ನಿನ್ನ ಎರಡೂ ಮೇಲ್ ಒಟ್ಟಿಗೇ ತೆರೆದೆ, ಮೇಲಿದ್ದ ಹೊಸದನ್ನು ಮೊದಲು ಓದಿದೆ. ಅಜ್ಜ ಸಿಕ್ಕಿದ ಮೇಲೆಯೇ ನನ್ನ ಪಾಲಿಗೆ ಕಳೆದುಹೋದದ್ದು. ಆದರೂ ಯಾರದೋ ಕೃಷಿ ವಿಜ್ಞಾನದ ಪ್ರಬಂಧಕ್ಕೆ ರಟ್ಟು ತಲೆಕೆಳಗಾಗಿ ಅಂಟಿತು.

ಕಾಗದದಲ್ಲಿ ಇದ್ದದ್ದನ್ನು ಇದ್ದ ಹಾಗೆ ಬರಿ: "ನಮ್ಮಲ್ಲಿ ಕೇಳುವ ಕ್ರಮ ಇಲ್ಲ." ಅರ್ಥಮಾಡಿಕೊಳ್ಳುವುದು ಅವರ ಕೆಲಸ.

ಈಗ ನಿನ್ನ ಹೆದರಿಕೆ ಇಳಿಯಲಿಕ್ಕೆ ಅಪ್ಪನ ಸುದ್ದಿ. ಮನೆಯಲ್ಲಿ ಈಗ ಯಕ್ಷಗಾನಕ್ಕೆ ಬೇರೆ ಹೋಗಬೇಕಾಗಿಲ್ಲ. ಬೋಟು ಬಿಟ್ಟು ಎರಡು ವರ್ಷವಾದರೂ ನಮ್ಮ ಪಿತಾಶ್ರೀ ಚಂದು ಕರ್ಕೇರರು ದಿನಾ ಬೆಳಿಗ್ಗೆ ಸ್ನಾನ ಮಾಡಿ, ಮಲ್ಪೆಯ ಬಂದರು ತಾವಿಲ್ಲದೆ ಮುಳುಗಿಹೋದೀತು ಎಂಬ ಮುಖದಲ್ಲಿ ಬಸ್ಸು ಹತ್ತುವುದು ನಿನಗೆ ಗೊತ್ತೇ ಉಂಟು. ಕಳೆದ ಗುರುವಾರ ವಾಪಸು ಬಂದದ್ದು ಬಸ್ಸಿನಲ್ಲಲ್ಲ, ಐಸ್ ಪ್ಲಾಂಟಿನ ಟೆಂಪೋದಲ್ಲಿ. ಎದುರಿನ ಸೀಟಿನಲ್ಲಿ ಮಂತ್ರಿಗಳ ಹಾಗೆ ಕೂತಿದ್ದರು. ಜೊತೆಗೆ ಮಾನಪ್ಪ ಎಂಬ ಇಳಕಲ್ ಕಡೆಯ ಮನುಷ್ಯ, ಐಸ್ ತುಂಬಿಸುವವನು. "ಯಜಮಾನ್ರು ಬಸ್‌ಸ್ಟ್ಯಾಂಡಿನ್ಯಾಗ ಭಾಳ ಹೊತ್ತು ನಿಂತಿದ್ರು ರೀ, ನಾವೂ ಈ ಕಡೀನ ಬರಾಕತ್ತಿದ್ವಿ" ಎಂದ. ಚಹಾ ಕುಡಿದ. ಹೋಗುವಾಗ ಗೇಟಿನ ಹತ್ತಿರ ನಿಂತು ನನಗೆ ಏನೋ ಹೇಳಲು ಬಾಯಿ ತೆರೆದು, ಮುಚ್ಚಿಕೊಂಡು ಹೋದ. ಅವನ ಕಡೆ ಯಾರೋ ಮದುವೆಗಿರುವ ಹುಡುಗ ಇರಬೇಕು ಎಂದು ಅಮ್ಮನ ಅಂದಾಜು. ಮೂವತ್ಮೂರಾದ ಮಗಳಿರುವ ತಾಯಿಗೆ ಐಸಿನ ಟೆಂಪೋದಲ್ಲೂ ದಿಬ್ಬಣವೇ ಕಾಣುತ್ತದೆ.

ಅಪ್ಪನನ್ನು ಕೇಳಿದರೆ, ಬಸ್ಸುಗಳಿಗೆಲ್ಲ ಈಗ ಬೇರೆ ಬಣ್ಣ ಹೊಡೆದಿದ್ದಾರೆ ಎಂದರು. ಹೊಡೆದಿಲ್ಲ ಮಾರಾಯ. ಅದೇ ಬಣ್ಣ. ನಕ್ಕು ಸಾಕಾಯಿತು.

ನಗು ನೀನೂ.

ಸೌಮ್ಯಶ್ರೀ

*

ಬ್ರೇಮನ್
22 ಅಕ್ಟೋಬರ್, ಬುಧವಾರ

ಅಕ್ಕ,

ನಕ್ಕೆ. ಕಾರ್ಲ್ ಅವರ ಜ್ವರ ಇಳಿಯಿತು, ನಾಡಿದ್ದು ಬರುತ್ತಾರೆ. ನನಗೆ ಒಂದು ಎಚ್ಚರಿಕೆ ಪತ್ರ ಸಿಕ್ಕಿತು. ಈ ದೇಶದಲ್ಲಿ ಬೈಗುಳಕ್ಕೂ ನಂಬರ್ ಹಾಕಿ ಫೈಲ್ ಮಾಡುತ್ತಾರೆ.

ಈಗ ನನಗೊಂದು ಉಪಕಾರ. ಇಲ್ಲಿ ಒಂದು ಪರೀಕ್ಷೆ ಉಂಟು, ಅದಕ್ಕೆ ಯಾರಾದರೂ ಹಿರಿಯರ ದಿನಚರಿ ಬರೆದುಕೊಡಬೇಕು. ಅಪ್ಪನದನ್ನೇ ಕೊಡೋಣ ಎಂದುಕೊಂಡೆ. ಊಟಕ್ಕೆ ಕೂತಾಗ ಒಂದೇ ಕಥೆಯನ್ನು ಎರಡು ಸಲ ಹೇಳುತ್ತಾರಾ? ಸಾಮಾನಿನ ಹೆಸರು ಬಿಟ್ಟು "ಅದು, ಆಚೆಯದ್ದು" ಎನ್ನುತ್ತಾರಾ? ಬಲೆ ಕಟ್ಟುವುದು ಮೊದಲಿನ ಹಾಗೇ ಉಂಟಾ? ಸಂಜೆಯಾದ ಮೇಲೆ ಸಿಟ್ಟು ಜಾಸ್ತಿಯಾ? ಆ ಟೆಂಪೋದ ಹಾಗೆ ಇನ್ನೊಮ್ಮೆ ಏನಾದರೂ ಆಯಿತಾ?

ಸುಮ್ಮನೆ, ನನ್ನ ಪರೀಕ್ಷೆಗೆ. ಹೆದರುವಂಥದ್ದು ಏನೂ ಇಲ್ಲ. ಆದರೆ ಬೇಗ ಬರಿ. ಇವತ್ತೇ ಬರೆದರೂ ಆಗುತ್ತದೆ.

ರೋಶನ್

*

ಮಣಿಪಾಲ
25 ಅಕ್ಟೋಬರ್, ಶನಿವಾರ

ವಿದ್ಯಾರ್ಥಿ ರೋಶನ್‌ಗೆ,

ನಿನ್ನ ಪರೀಕ್ಷೆಯ ಉತ್ತರಗಳು. ಅಂಕ ಬಂದರೆ ಅರ್ಧ ನನ್ನದು.

ಒಂದೇ ಕಥೆ ಎರಡು ಸಲವಾ? ಎರಡೇ ಸಲ ಹೇಳಿದ ದಿನ ನಾವು ಹಬ್ಬ ಮಾಡುತ್ತೇವೆ. ಹೆಸರು ಬಿಟ್ಟು ಹೋಗುತ್ತದೆ, ಹೌದು. ಮೊನ್ನೆ ಕತ್ತಿಗೆ "ಮೀನಿನ ಸಾಮಾನು" ಎಂದರು. ಅಮ್ಮ ಬಾಣಲೆ ತಂದಿಟ್ಟಳು. ಇಬ್ಬರಿಗೂ ಜಗಳ. ಈ ಸಲದ ಹಬ್ಬದ ದಿನ ನಿನ್ನ ಮಾತು ಬಂದಾಗ ನಿನ್ನನ್ನು ಲೋಕು ಎಂದರು. ಲೋಕು ಮಾಮ ತೀರಿಹೋದ ಮೇಲೆ ಆ ಹೆಸರು ಮನೆಯಲ್ಲಿ ಯಾರ ಬಾಯಲ್ಲೂ ಬರುವುದಿಲ್ಲ, ಹಾಗಾಗಿ ಆ ಹೊತ್ತು ನಾವು ನಗಲಿಲ್ಲ.

ಬಲೆಯ ಸಂಗತಿ ಮಾತ್ರ ನೀನು ಕೇಳಲೇಬೇಕು. ಮಲ್ಪೆಯಲ್ಲಿ ಬಲೆ ಹೊಲಿಯುವವರ ನಡುವೆ ಅಪ್ಪ ಅಂದರೆ ಗುರುಗಳು. ಮಂಗಳವಾರ ಹರಿದ ಟ್ರಾಲ್ ಬಲೆಯೊಂದನ್ನು ಅವರ ಮುಂದೆ ಹಾಕಿದ್ದಾರೆ. ಇವರು ಎಂದಿನ ಗಾಂಭೀರ್ಯದಲ್ಲಿ ನಾಲ್ಕು ಗಂಟೆ ಕೂತು ಹೊಲಿದರು. ನೋಡಿದರೆ ತೂತು ಹಾಗೇ ಉಂಟು, ಬಲೆಯ ಬಾಯಿಯನ್ನು ಹೊಲಿದು ಮುಚ್ಚಿದ್ದಾರೆ. ಕುಶಲಾ ಚಿಕ್ಕಮ್ಮ ಮೀನು ತರಲು ಹೋದವಳು ಕಣ್ಣಾರೆ ನೋಡಿ ಬಂದು ಹೇಳಿದ್ದು. ಇನ್ನು ಮೀನು ಒಳಗೆ ಬರಬೇಕಾದರೆ ಬೆಲ್ ಒತ್ತಬೇಕು ಎಂದು ಬಂದರಿಡೀ ನಗುತ್ತಿದೆಯಂತೆ.

ಅಪ್ಪನೂ ನಕ್ಕರಂತೆ. ಆದರೆ ಮನೆಗೆ ಬಂದವರು ತಮ್ಮ ಎರಡು ಕೈಗಳನ್ನು ಮಗುಚಿ ಮಗುಚಿ ನೋಡುತ್ತಾ ಕೂತಿದ್ದರು. ಗಾಯವಾಗಿದೆಯಾ ಎಂದು ಅಮ್ಮ ಕೇಳಿದಳು. ಇಲ್ಲ ಎಂದರು.

ಪರೀಕ್ಷೆ ಯಾವಾಗ?

ಸೌಮ್ಯಶ್ರೀ

*

ಬ್ರೇಮನ್
25 ಅಕ್ಟೋಬರ್, ಶನಿವಾರ

ಅಕ್ಕ,

ಪರೀಕ್ಷೆ ಇಲ್ಲ. ಸುಳ್ಳು ಹೇಳಿದೆ.

ಅಪ್ಪನಿಗೆ ನನ್ನ ಮಹಡಿಯ ಕಾಯಿಲೆ ಶುರುವಾಗಿದೆ. ಇಲ್ಲಿಂದ ಕೂತು ಖಂಡಿತ ಹೇಳುವಂತಿಲ್ಲ, ಡಾಕ್ಟರ್ ನೋಡಬೇಕು. ಆದರೆ ದಿನಕ್ಕೆ ಎಂಟು ಗಂಟೆ ನಾನು ನೋಡುವುದು ಇದನ್ನೇ. ಟೆಂಪೋದ ಸುದ್ದಿ ಓದಿದಾಗಲೇ ಸಂಶಯ ಬಂತು. ಅಪ್ಪನಿಗೆ ಬಸ್ಸು ಗುರುತು ಸಿಗಲಿಲ್ಲ, ಅಷ್ಟೆ. ಬಣ್ಣದ ಮಾತು ಅದನ್ನು ಮುಚ್ಚಿಡಲಿಕ್ಕೆ. ಮಾನಪ್ಪ ಗೇಟಿನಲ್ಲಿ ಹೇಳಲು ಹೊರಟದ್ದು ವರನ ಸುದ್ದಿಯಲ್ಲ.

ದಿನಾ ಬೆಳಿಗ್ಗೆ ಅಪ್ಪ ಬಾಗಿಲು ದಾಟುತ್ತಾರೆ. ನೀನು, ಅಮ್ಮ ಇಬ್ಬರೂ ಮುಖ ಆಚೆ ತಿರುಗಿಸಿ ನಿಲ್ಲುತ್ತೀರಿ, ನಮ್ಮ ಕ್ರಮ ಹಾಗೆ. ಅವರು ಮಲ್ಪೆಗೇ ಹೊರಟರೋ, ಇಪ್ಪತ್ತು ವರ್ಷದ ಹಿಂದಿನ ಯಾವುದೋ ಬೋಟಿಗೆ ಹೊರಟರೋ ಯಾರಿಗೂ ಗೊತ್ತಿಲ್ಲ. ಎಂಟು ದಿನದಿಂದ ಕಣ್ಣು ಮುಚ್ಚಿದರೆ ನನಗೆ ಆ ನದಿಯ ಮೆಟ್ಟಿಲು ಕಾಣುತ್ತದೆ. ಮೊದಮೊದಲು ಅಲ್ಲಿ ಕೂತಿದ್ದದ್ದು ಕಾರ್ಲ್. ಈಗ ಅಪ್ಪ.

ಒಂದೇ ಕೆಲಸ ಮಾಡು. ನಾಳೆ ಅಪ್ಪ ಹೊರಡುವಾಗ ಎಲ್ಲಿಗೆ ಎಂದು ಕೇಳು. ಉತ್ತರ ಸರಿಯಿಲ್ಲದಿದ್ದರೆ ಜೊತೆಗೆ ಹೋಗು, ಆಮೇಲೆ ಮಣಿಪಾಲದಲ್ಲಿ ಡಾಕ್ಟರಿಗೆ ತೋರಿಸು. ದಮ್ಮಯ್ಯ.

ರೋಶನ್

*

ಮಣಿಪಾಲ
29 ಅಕ್ಟೋಬರ್, ಬುಧವಾರ

ರೋಶನ್,

ನಾಲ್ಕು ದಿನ ಬರೆಯಲಿಲ್ಲ. ಸಿಟ್ಟು ಬಂದಿತ್ತು. ಎರಡು ವರ್ಷ ಜರ್ಮನಿಯ ಅಜ್ಜಂದಿರಿಗೆ ಮಾತ್ರೆ ಕೊಟ್ಟವನು ಕಾಪುವಿನಲ್ಲಿರುವ ಅಪ್ಪನ ತಲೆಯನ್ನು ಮೇಲ್‌ನಲ್ಲೇ ತೆರೆದು ನೋಡಿದನಲ್ಲ ಎಂದು. ಆಮೇಲೆ ಸೋಮವಾರ ಅಪ್ಪ ಅಂಗಿಯ ಮೇಲೆ ಅಂಗಿ ಹಾಕಿಕೊಂಡು ಬಂದರು. ಸಿಟ್ಟು ಹೋಯಿತು. ಈಗ ಇರುವುದು ನಿನ್ನ ಹತ್ತಿರ ಇರುವಂಥದ್ದೇ.

ಡಾಕ್ಟರಿಗೆ ತೋರಿಸೋಣ. ಆದರೆ ಕೇಳು ಎನ್ನಬೇಡ. ಅದು ನನ್ನಿಂದ ಆಗುವುದಿಲ್ಲ.

ಯಾಕೆ ಎಂದು ಯಾರಿಗೂ ಹೇಳಿದವಳಲ್ಲ. ನನಗೆ ಆರು ವರ್ಷ, ನೀನು ತೊಟ್ಟಿಲಲ್ಲಿ. ಲೋಕು ಮಾಮ ತಲೆಗೆ ಬೈರಾಸು ಸುತ್ತಿ ಬೋಟಿಗೆ ಹೊರಟಿದ್ದ. ನಾನು ಮೆಟ್ಟಿಲಲ್ಲಿ ಕೂತು, "ಮಾಮ, ಎಲ್ಲಿಗೆ?" ಎಂದೆ. ಅವನು ನಕ್ಕು ಕೆನ್ನೆ ಹಿಂಡಿ, ನಿನಗೆ ಚಂದ್ರನನ್ನು ಹಿಡಿದು ತರಲಿಕ್ಕೆ ಎಂದು ಹೋದ. ಮೂರನೇ ದಿನ ಬೋಟು ಬಂತು. ಅವನು ಬರಲಿಲ್ಲ. ನಾನು ಕೇಳಿದ್ದನ್ನು ಅಪ್ಪ ಒಬ್ಬರೇ ನೋಡಿದ್ದು. ಇವತ್ತಿನವರೆಗೂ ಯಾರ ಹತ್ತಿರವೂ ಬಾಯಿಬಿಡಲಿಲ್ಲ, ನನ್ನ ಹತ್ತಿರವೂ.

ಇಪ್ಪತ್ತೇಳು ವರ್ಷದಿಂದ ನಾನು ಯಾರನ್ನೂ ಎಲ್ಲಿಗೆ ಎಂದು ಕೇಳಿಲ್ಲ. ಅಂಗಡಿಗೆ ಬರುವ ಹುಡುಗಿಯರು ನನ್ನನ್ನು ಮರ್ಯಾದಸ್ಥೆ ಎನ್ನುತ್ತಾರೆ. ಮರ್ಯಾದೆ ಎಂತ ಮಣ್ಣು. ಹೆದರಿಕೆ.

ಅಪ್ಪನ ಎದುರು ನಿಂತು ಅದೇ ಮಾತು ಹೇಳು ಎನ್ನುತ್ತೀ. ಆಮೇಲೆ ಅವರು ಬರದಿದ್ದರೆ?

ಸೌಮ್ಯ

*

ಬ್ರೇಮನ್
2 ನವೆಂಬರ್, ಭಾನುವಾರ

ಅಕ್ಕ,

ಲೋಕು ಮಾಮನನ್ನು ಒಯ್ದದ್ದು ಗಾಳಿ. ಆರು ವರ್ಷದ ಹುಡುಗಿಯಲ್ಲ. ಇದನ್ನು ನಾನು ಬರೆದ ಮಾತ್ರಕ್ಕೆ ನಿನಗೆ ಸಮಾಧಾನವಾಗುವುದಿಲ್ಲ ಎಂದು ಗೊತ್ತು. ಹಾಗಾಗಿ ಇವತ್ತು ನಾನೇ ಮೊದಲು ಕೇಳಿ ನೋಡಿದೆ.

ಇವತ್ತು ಜಾತ್ರೆಯ ಕೊನೆಯ ದಿನ. ಕಾರ್ಲ್ ಮತ್ತೆ ಹಟ ಹಿಡಿದರು. ಅಲೆಕ್ಸಾಂಡರ್ ಒಪ್ಪಿದ, ಆದರೆ ತಾನೂ ಬಂದ. ನಾವು ನಿಂತರೆ ನಿಂತ, ನಡೆದರೆ ನಡೆದ, ಮಂತ್ರಿಯ ಬೆಂಗಾವಲಿನ ಹಾಗೆ. ಅದೇ ಬೆಂಚು. ಮಳೆ ಹನಿಯುತ್ತಿತ್ತು, ಅರ್ಧ ಅಂಗಡಿಗಳು ಗಂಟುಮೂಟೆ ಕಟ್ಟುತ್ತಿದ್ದವು. ಕಾಲು ಗಂಟೆಯಾದ ಮೇಲೆ ಕಾರ್ಲ್ ಎದ್ದರು. ಗುಂಡಿ ಹಾಕಿದರು. ನಗಬೇಡ. ನಾಲಗೆ ಮೊದಲು ತುಳುವಿನಲ್ಲಿ ಕೇಳಿತು, ಆಮೇಲೆ ಅವರ ಭಾಷೆಯಲ್ಲಿ. ಎಲ್ಲಿಗೆ?

ಬೋಟಿಗೆ, ಎಂದರು.

ಯಾವ ಬೋಟು ಎಂದು ಕೇಳಿದೆ. ಅದರ ಹೆಸರು ಹೇಳಿದರು, ಎಂಜಿನ್ನಿನ ತರಲೆ ಹೇಳಿದರು, ಅಡುಗೆಯವನು ಉಪ್ಪು ಮರೆಯುತ್ತಿದ್ದದ್ದನ್ನು ಹೇಳಿದರು. ಹೇಳುತ್ತಾ ಹೇಳುತ್ತಾ ಕೂತುಬಿಟ್ಟರು. ಎದ್ದವರು ಕೂತರು ಅಕ್ಕ. ಜೈಂಟ್ ವೀಲ್ ಬೀಳಲಿಲ್ಲ, ನದಿ ಮೇಲೆ ಬರಲಿಲ್ಲ.

ಕೇಳಿದರೆ ಹೆದರಿಕೆ ಹೋಗುತ್ತದೆ ಎನ್ನಲಾರೆ. ನನ್ನದು ಹೋಗಿಲ್ಲ. ಕಾರ್ಲ್ ನಾಳೆ ಮತ್ತೆ ಏಳುತ್ತಾರೆ. ಆದರೆ ಅವರು ಯಾವ ದಿಕ್ಕಿಗೆ ಹೊರಡುತ್ತಾರೆ ಎಂಬುದು ನನಗೀಗ ಗೊತ್ತು.

ರೋಶನ್

*

ಮಣಿಪಾಲ
5 ನವೆಂಬರ್, ಬುಧವಾರ

ರೋಶನ್,

ಮೂರು ದಿನ ಬೆಳಿಗ್ಗೆ ಬಾಗಿಲಲ್ಲಿ ನಿಂತೆ. ಮೂರು ದಿನವೂ ಬಾಯಿ ತೆರೆದೆ. ಮೊದಲನೇ ದಿನ ಕೆಮ್ಮಿದೆ. ಎರಡನೇ ದಿನ, ಅಪ್ಪ, ಕೊಡೆ ಬೇಕಾ ಎಂದೆ. ಮಳೆಯಿರಲಿಲ್ಲ. ಎರಡೂ ದಿನ ಅಮ್ಮನಿಗೆ ಗೊತ್ತಾಗದ ಹಾಗೆ ಅವರ ಬೆನ್ನಿಗೇ ಮಲ್ಪೆಯವರೆಗೆ ಹೋಗಿ, ಮಾನಪ್ಪನ ಕಣ್ಣಳತೆಯಲ್ಲಿ ಅವರನ್ನು ಬಿಟ್ಟು, ಕೆಲಸಕ್ಕೆ ತಡವಾಗಿ ಬಂದು ಬೈಸಿಕೊಂಡೆ. ಮಾನಪ್ಪನಿಗೆ ವಿಷಯ ಮೊದಲೇ ಗೊತ್ತಿತ್ತು. "ಅವತ್ತ ಹೇಳಬೇಕಂತಿದ್ದೆ, ಚಹಾ ಕುಡಿದ ಮನಿಯಾಗ ಹೆಂಗ ಹೇಳೂದು ರೀ" ಎಂದ.

ಇವತ್ತು ಅಪ್ಪ ಗೇಟಿನವರೆಗೆ ಹೋದರು. ಗೇಟು ತೆರೆಯಲಿಲ್ಲ. ಅದರ ಮೇಲೆ ಕೈಯಿಟ್ಟು ಸುಮ್ಮನೆ ನಿಂತರು. ಬೆನ್ನು ನನ್ನ ಕಡೆಗೆ. ದಿನಾ ಹೀಗೆಯೇ ನಿಲ್ಲುತ್ತಾರೋ ಏನೋ, ನಾವು ಮುಖ ತಿರುಗಿಸುತ್ತಿದ್ದವರು ನೋಡಿದವರಲ್ಲ. ಓಡಿದೆ, ಅಂಗಳದಲ್ಲಿ ಚಪ್ಪಲಿ ಒಂದು ಕಡೆ ಹಾರಿತು. ಹಿಂದಿನಿಂದಲೇ ಕೇಳಿಬಿಟ್ಟೆ.

"ಅಪ್ಪ, ಎಲ್ಲಿಗೆ?"

ಒಳಗೆ ಅಮ್ಮನ ಕೈಯಿಂದ ಏನೋ ಬಿತ್ತು.

ಅಪ್ಪ ತಿರುಗಲಿಲ್ಲ. ಬೈಯುತ್ತಾರೆ ಎಂದುಕೊಂಡೆ. ಲೋಕು ಮಾಮನ ಹೆಸರು ಈಗ ಬರುತ್ತದೆ ಎಂದುಕೊಂಡೆ. ನನ್ನ ಕಾಲು ಆರು ವರ್ಷದ ಕಾಲಾಗಿತ್ತು. ಗೇಟಿನ ಕಡೆಗೇ ಮುಖಮಾಡಿ ಹೇಳಿದರು.

"ಅದೇ ಮಗಾ. ನಂಗೂ ಗೊತ್ತಾಗ್ತಾ ಇಲ್ಲ. ಯಾರಾದ್ರೂ ಕೇಳ್ತಾರಾ ಅಂತ ದಿನಾ ಇಲ್ಲಿ ನಿಲ್ತೇನೆ."

ಆಮೇಲೆ ಗೇಟು ಬಿಟ್ಟು ನನ್ನ ಕೈ ಹಿಡಿದುಕೊಂಡರು. ನಲವತ್ತು ವರ್ಷ ಹಗ್ಗ ಎಳೆದ ಕೈ. ಅದು ನಡುಗುತ್ತಿತ್ತು ರೋಶನ್. ನಾವಿಬ್ಬರೂ ಇಷ್ಟು ದಿನ ಅವರಿಗಾಗಿ ಹೆದರಿದೆವು. ಅವರು ಒಬ್ಬರೇ ಹೆದರುತ್ತಿದ್ದರು.

ಹಾಗಾದ್ರೆ ನಾನೂ ಬರ್ತೇನೆ ಎಂದೆ. ಅಮ್ಮ ನನ್ನ ಚಪ್ಪಲಿ ಹುಡುಕಿ ತಂದು ಕೊಟ್ಟಳು. ಬಸ್ಸು ಹತ್ತಿದೆವು. ಕಿಟಕಿಯ ಪಕ್ಕ ಅವರನ್ನು ಕೂರಿಸಿದೆ. ಕಟಪಾಡಿ ದಾಟುವಾಗ ನನ್ನ ಕಡೆ ಬಗ್ಗಿ, ಪಕ್ಕದವರಿಗೆ ಕೇಳಿಸಬಾರದು ಎಂಬ ಹಾಗೆ ಮೆಲ್ಲನೆ ಕೇಳಿದರು.

"ನಾವು ಎಲ್ಲಿಗೆ ಹೋಗುವುದು?"

ಜೀವಮಾನದಲ್ಲಿ ಅಪ್ಪನ ಬಾಯಲ್ಲಿ ಆ ಪ್ರಶ್ನೆ ನಾನು ಕೇಳಿದ್ದು ಅದೇ ಮೊದಲು. ಮಣಿಪಾಲಕ್ಕೆ, ಡಾಕ್ಟರ ಹತ್ತಿರ, ಎಂದೆ. ಆಗಲಿ ಎಂದರು. ಉದ್ಯಾವರದ ಸೇತುವೆ ಬಂದಾಗ ಮತ್ತೆ ಕೇಳಿದರು. ಉಡುಪಿಯಲ್ಲಿ ಬಸ್ಸು ಬದಲಿಸುವಾಗ ಎರಡು ಸಲ. ಮಣಿಪಾಲದ ಏರು ಹತ್ತುವುದರೊಳಗೆ ಒಟ್ಟು ಏಳು ಸಲ ಆಯಿತು. ಏಳು ಸಲವೂ ಹೇಳಿದೆ.

ಸೌಮ್ಯ